ಅಡಿತಂತಿಗಳು

ಶುಕ್ರವಾರ ಊಟ್ನೆಯಲ್ಲಿ ಕೇಳಿದ್ದೆ. ಶನಿವಾರ ಮತ್ತೆ
ಮೇಲಂಗಿ ತೊಟ್ಟು ಹೊರಟಾಗ
ನಾದಿನಿ ಯೋರುನ್ ಬಾಗಿಲಿಗೊರಗಿ ನಿಂತು
"ಅದೇ ಪಿಟೀಲು, ಅದೇ ಮುದುಕ,
ಹಾಡಿದ್ದೇ ಹಾಡೋ ಕಿಸುಬಾಯಿದಾಸ.
ಇವತ್ತೇನು ಬೇರೆ ನುಡಿಸುತ್ತಾನಾ?" ಅಂದಳು.

ಬೇರೆ ನುಡಿಸದಿರಲಿ ಅಂತಲೇ ಹೋಗುತ್ತಿದ್ದೇನೆ ಯೋರುನ್,
ಅನ್ನಲಿಲ್ಲ. ಫೆರಿಯ ಚಿಲ್ಲರೆ ಎಣಿಸಿಕೊಂಡೆ.

ಶುಕ್ರವಾರ ಮೂರನೇ ಸಾಲಿನಲ್ಲಿದ್ದೆ. ತೊರ್ಗಿಲ್ಸ್
ಬೂಟುಗಾಲಲ್ಲಿ ನೆಲ ಗುದ್ದುತ್ತ ಕಮಾನು ಎಳೆದಾಗ
ಬೆಂಚಿನ ಹಲಗೆಯಿಂದ ಬೆನ್ನುಮೂಳೆಗೇ ಏರಿತ್ತು ತಾಳ.
ನಡುವೆ ನಿಲ್ಲಿಸಿ, ಕನ್ನಡಕ ತೆಗೆದು, ಒರೆಸಿ,
"ಇದನ್ನು ನುಡಿಸಬೇಕೆಂದಿರಲಿಲ್ಲ.
ಇವತ್ತು ಯಾಕೋ, ನಿಮ್ಮ ಮುಖ ನೋಡಿ..." ಅಂದ.
ಆ 'ನಿಮ್ಮ' ನಾನೇ ಅನ್ನಿಸಿತು.
ಐವತ್ತೆಂಟಕ್ಕೆ ಇಂಥದೆಲ್ಲ ಅನ್ನಿಸಬಾರದು.
ಅನ್ನಿಸಿತು.

ಅವನಜ್ಜ ಹಿಮದಲ್ಲಿ ಕುದುರೆ ಕಳಕೊಂಡು
ಮೂರು ದಿನ ಬೆಟ್ಟ ಅಲೆದು
ಕುದುರೆಯ ಬದಲು ಈ ಮಟ್ಟು ಹಿಡಕೊಂಡು ಬಂದನಂತೆ.
ಹೇಳಿ ನಕ್ಕ. ಆಮೇಲೆ ನುಡಿಸಿದ.
ಮುಗಿಯಿತೋ ಇಲ್ಲವೋ, ಎಲ್ಲರಿಗಿಂತ ಮೊದಲು
ಚಪ್ಪಾಳೆ ಹೊಡೆದವಳು ನಾನು.
ರಾತ್ರಿಯೆಲ್ಲ ನಿದ್ದೆಯಿಲ್ಲ. ಕುದುರೆಯದೇ ಚಿಂತೆ.
ಬೆಳಗ್ಗೆ ಕಾಫಿಯ ಹೊತ್ತಿಗೆ ಯೋರುನ್ ತಲೆಗೂ ಅದನ್ನೇ ಕಟ್ಟಿದೆ.

ಶನಿವಾರದ ಫೆರಿಯಲ್ಲಿ ಅವನೂ ಇದ್ದ.
ಕಾರಿನಲ್ಲೇ ಕೂತು, ತೊಡೆಗೆ ಹಳೇ ಪೇಪರು ಹಾಸಿ
ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ.
ಪಕ್ಕದ ಸೀಟಿನಲ್ಲಿ ಪಿಟೀಲಿನ ಪೆಟ್ಟಿಗೆ,
ಹೆಂಡತಿಗೆ ಕಟ್ಟಿದಷ್ಟು ಜತನದಲ್ಲಿ ಬೆಲ್ಟು ಕಟ್ಟಿಸಿಕೊಂಡು.
ಮಾತಾಡಿಸಬಹುದಿತ್ತು. ಕಿಟಕಿಗೆ ಎರಡೇ ಮಾರು.
ಗಡ್ಡಕ್ಕೆ ಮೊಟ್ಟೆಯ ಹಳದಿ ಮೆತ್ತಿತ್ತು.
ದೇವರಿಗೆ ನೆಗಡಿಯಾದದ್ದನ್ನು ಕಂಡವಳ ಹಾಗೆ
ಆ ಕಡೆ ತಿರುಗಿ ನೀರು ನೋಡಿದೆ.

ಕಿನ್ಸಾರ್ವಿಕ್. ಶಾಲೆಯ ಸಭಾಂಗಣ,
ಅವನ ತಲೆಯ ಮೇಲೇ ಬ್ಯಾಸ್ಕೆಟ್‌ಬಾಲಿನ ಬಳೆ.
ಅದೇ ಗುದ್ದು, ಅದೇ ಸರದಿ. ಎಲ್ಲಿ ತಿರುವು, ಎಲ್ಲಿ ಏರು
ನನಗೆ ಮುಂಚೆಯೇ ಗೊತ್ತು. ಕತ್ತಲಲ್ಲಿ
ನಮ್ಮ ಮನೆಯ ಏಣಿ ಇಳಿದ ಹಾಗೆ,
ಕಾಲಿಟ್ಟಲ್ಲೆಲ್ಲ ಮೆಟ್ಟಿಲಿತ್ತು.
ಎಂಥ ಸುಖ.

ಆಮೇಲೆ ನಿಲ್ಲಿಸಿದ. ಕನ್ನಡಕ ತೆಗೆದ. ಒರೆಸಿದ.
"ಇದನ್ನು ನುಡಿಸಬೇಕೆಂದಿರಲಿಲ್ಲ.
ಇವತ್ತು ಯಾಕೋ, ನಿಮ್ಮ ಮುಖ ನೋಡಿ..."

ಮುಂದಿನ ಸಾಲಲ್ಲೊಬ್ಬಳು ಹುಡುಗಿ
ಜಡೆ ಸರಿಮಾಡಿಕೊಂಡಳು. ಪಾಪ.
ನನ್ನ ಕಿವಿ ಕಾದವು. ಎದ್ದು ಹೋಗೋಣವೆಂದರೆ
ಎರಡೂ ಕಡೆ ಮೊಣಕಾಲುಗಳ ಬೇಲಿ.
ಅಜ್ಜ ಮತ್ತೆ ಹಿಮಕ್ಕೆ ಹೊರಟ. ಕುದುರೆ ಮತ್ತೆ ಕಳೆಯಿತು.
ನಗಬೇಕಾದಲ್ಲಿ ನಕ್ಕ, ತೂಕ ಹಾಕಿದ ಹಾಗೆ,
ಗ್ರಾಮೂ ಹೆಚ್ಚುಕಮ್ಮಿಯಿಲ್ಲ.
ನುಡಿಸಿದ. ಮುಗಿಸಿ ಕಮಾನು ಎತ್ತಿದ.

ಸಿಟ್ಟಿನಲ್ಲಿ ನಾನು ಚಪ್ಪಾಳೆ ಹೊಡೆಯಲಿಲ್ಲ.
ಸೇಬು ಆರಿಸುವ ಪಟ್ಟಿಯ ಮುಂದೆ ಹತ್ತೊಂಬತ್ತು ವರ್ಷ ನಿಂತ ಕೈ,
ಮನಸ್ಸಿಗಿಂತ ಮೊದಲೇ ಓಡುವ ಕೈ,
ಮಡಿಲಲ್ಲಿ ಬಿದ್ದುಕೊಂಡಿತ್ತು ಬೆಕ್ಕಿನ ಹಾಗೆ.

ಉಳಿದವರು ಕೈ ಎತ್ತುವ ಮುಂಚೆ
ಒಂದು ಗುಂಡಿ ಹಾಕುವಷ್ಟು ಹೊತ್ತು.
ಅಷ್ಟರಲ್ಲಿ ಕೇಳಿಸಿತು.
ಕಮಾನು ತಾಗುವ ತಂತಿಗಳಲ್ಲ. ಅವುಗಳ ಅಡಿಯಲ್ಲಿ
ಯಾರೂ ಮುಟ್ಟದ ಬೇರೆ ನಾಲ್ಕಿವೆ;
ಅವು ಇನ್ನೂ ಗುಂಯ್ ಅನ್ನುತ್ತಿದ್ದವು.
ತೊರ್ಗಿಲ್ಸ್ ಕಣ್ಣು ಮುಚ್ಚಿ
ತನ್ನ ಪಿಟೀಲಿಗೇ ಕಿವಿ ಕೊಟ್ಟು ನಿಂತಿದ್ದ,
ಬಾಗಿಲಾಚೆ ಗೊರಸಿನ ಸದ್ದಾಯಿತೇ ಅಂತ
ಆಲಿಸುವವನ ಹಾಗೆ.

ಇದಕ್ಕೆ ಮಾತ್ರ ಅಭ್ಯಾಸ ಇರಲಿಲ್ಲ ಅನ್ನಿಸುತ್ತದೆ.
ಇತ್ತೇನೋ. ನನಗೇನು ಗೊತ್ತು.
ಊಟ್ನೆಯಲ್ಲೂ ಇದು ಇದ್ದಿರಬೇಕು,
ನಾನೇ ಅದರ ಮೇಲೆ ಚಪ್ಪಾಳೆ ಸುರಿದೆ.

ಕಡೆಯ ಫೆರಿ. ಮನೆಗೆ ಬಂದಾಗ ಹನ್ನೊಂದೂವರೆ.
ಯೋರುನ್ ದೀಪ ಆರಿಸದೆ ಕೂತಿದ್ದಳು,
ಕಾದಿರಲಿಲ್ಲ ಅಂತ ತೋರಿಸಲು ಕಾಲುಚೀಲ ಹೆಣೆಯುತ್ತ.
"ಸಿಕ್ಕಿತಾ ಕುದುರೆ?"

ಇನ್ನೂ ಇಲ್ಲ, ಅಂದೆ.
ನಾಳೆ ಓಡ್ಡಾದಲ್ಲಿ ನುಡಿಸುತ್ತಾನೆ.